ಗ್ರಂಥಾಲಯ ಸೇರದ ಗ್ರಂಥಗಳು

ಬೆಳಂಬಾರದಂಥ ಊರುಗಳಿಂದ ಅಂಕೋಲೆಗೆ ಓದಲು ಹೋಗುವ ಮಕ್ಕಳಿಗೆ ಗೋಖಲೆ ಸೆಂಟಿನರಿ ಕಾಲೇಜು ಚಿರಪರಿಚಿತ. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅದನ್ನು ಸ್ಥಾಪಿಸಿದವರು ಚುಟುಕು ಕವಿ ದಿನಕರ ದೇಸಾಯಿಯವರು. ಪರೀಕ್ಷೆ ಸಮೀಪಿಸಿದಾಗ ಮಾತ್ರ ಕಾಲೇಜಿನ ಗ್ರಂಥಾಲಯಕ್ಕೆ ಕಾಲಿಡುವ ಮಕ್ಕಳಿಗೆ ನಾವೊಂದು ಮಾತು ಹೇಳಬಯಸುತ್ತೇವೆ.

ಪುಸ್ತಕವಿರುವುದು ಬಳಕೆಗೆ ಎಂಬುದನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯಶಾಸ್ತ್ರದ ಮೊದಲ ಸೂತ್ರವನ್ನಾಗಿಸಿದರು. ಆದರೆ ಬರೆದಿಡದ ಪುಸ್ತಕವನ್ನು ಬಳಸುವುದೆಂತು? ಅಂಕೋಲೆ ತಾಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳ ಭಂಡಾರವೇ ಅವರ ನೆನಪಿನಲ್ಲಿತ್ತು. 2017ರಲ್ಲಿ ಪದ್ಮಶ್ರೀ ಪಡೆದ ಆ ತಾಯಿ 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಕೇಳಿ ಕಲಿತವರೂ ಬರೆದುಕೊಂಡವರೂ ಇದ್ದುದರಿಂದ ಹಾಡುಗಳು ಉಳಿದವು. ನಮ್ಮ ಅಜ್ಜಿಯ ಬೀಸುವ ಹಾಡುಗಳಿಗೆ ಆ ಭಾಗ್ಯವಿರಲಿಲ್ಲ. ಇಂದು ನಮ್ಮ ಮನೆಯಲ್ಲಿ ಉಳಿದಿರುವುದು ಎರಡೇ.

ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತರದಿದ್ದರೆ ಶರಣರ ನುಡಿಗಳು ಇಷ್ಟು ಸುಲಭವಾಗಿ ನಮ್ಮ ಮನೆಗಳಿಗೆ ಬರುತ್ತಿರಲಿಲ್ಲ.

ಆದುದರಿಂದ ವಿದ್ಯಾರ್ಥಿಗಳೇ, ಗ್ರಂಥಾಲಯದಿಂದ ಪುಸ್ತಕ ತನ್ನಿರಿ. ರಜೆಯಲ್ಲಿ ನೋಟುಪುಸ್ತಕ ಹಿಡಿದು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿರಿ. ಹಾಡಿದವರ ಹೆಸರು, ಊರು, ದಿನಾಂಕಗಳನ್ನು ಬರೆದಿಡಲು ಮರೆಯದಿರಿ.