ಕೆಸರಿನ ಮೇಲೆ ಮೂವತ್ತು ಗ್ರಾಂ

ಪಾಕ್ ಥಾಲೆ, ಥಾಯ್ಲೆಂಡ್. ಜನವರಿ, ಬೆಳಿಗ್ಗೆ ಏಳೂವರೆ.
ನಮ್ಮ ಸಾಣಿಕಟ್ಟಾದಲ್ಲಿರುವಂಥದೇ ಉಪ್ಪಿನ ಆಗರ. ಮಡಿಗಳ ತುಂಬ ಪುಟ್ಟ ಗೊರವಗಳು. ಅವುಗಳ ನಡುವೆ ಎಲ್ಲೋ ಒಂದು ಚಮಚ ಕೊಕ್ಕಿನ ಗೊರವ ಇರಬೇಕು. ದುರ್ಬೀನು ಹಿಡಿದು ಕೂತು ಗಂಟೆಯಾಯಿತು, ಎಲ್ಲವೂ ಒಂದೇ ಥರ. ಪಕ್ಕದಿಂದ ಚಮಚ ಕಾಣುವುದೇ ಇಲ್ಲ. ಹಕ್ಕಿ ಇತ್ತ ಮುಖ ತಿರುಗಿಸಬೇಕು.

ಎಂಟು ನಲವತ್ತು. ತಿರುಗಿಸಿತು! ಕಪ್ಪು ಕೊಕ್ಕು, ತುದಿಯಲ್ಲಿ ಅಗಲ, ಮೇಲೆ ಮೆತ್ತಿದ ಕೆಸರು. ಇಡೀ ಹಕ್ಕಿಯ ತೂಕ ಮೂವತ್ತು ಗ್ರಾಂ, ಹತ್ತು ರೂಪಾಯಿಯ ನಾಲ್ಕು ನಾಣ್ಯಗಳಷ್ಟು.

ಈ ಚಮಚ ಯಾತಕ್ಕೆ? 1758ರಲ್ಲಿ ಲಿನೇಯಸ್ ಇದನ್ನು ಚಮಚ ಕೊಕ್ಕರೆಗಳ ಗುಂಪಿಗೇ ಸೇರಿಸಿದ್ದ. ಆದರೆ ಇದು ಕೊಕ್ಕರೆಯಂತೆ ಕೊಕ್ಕನ್ನು ಅತ್ತಿತ್ತ ಬೀಸುತ್ತಿಲ್ಲ. ಹೊಲಿಗೆ ಯಂತ್ರದ ಸೂಜಿಯಂತೆ ಕುಟ್ಟುತ್ತದೆ, ನಡುನಡುವೆ ಕೆಸರನ್ನು ಮುಂದಕ್ಕೆ ನೂಕುತ್ತದೆ. ಚಮಚಕ್ಕಿಂತ ಸನಿಕೆ ಎನ್ನುವುದೇ ಸರಿಯೇನೋ. ಮೊಟ್ಟೆಯೊಡೆದು ಬರುವ ಮರಿಗೂ ಇದೇ ಕೊಕ್ಕು!

ಹುಟ್ಟೂರು ರಷ್ಯಾದ ಈಶಾನ್ಯ ತುದಿಯ ಚುಕೋಟ್ಕಾ, ಇಲ್ಲಿಗೆ ಸುಮಾರು 8,000 ಕಿ.ಮೀ. ಮರಿಗಳು ಇನ್ನೂ ಚಿಕ್ಕವಿರುವಾಗಲೇ ತಾಯಿ ಹೊರಟುಬಿಡುತ್ತದೆ. ಸಾಕುವುದು ಬಹುಮಟ್ಟಿಗೆ ತಂದೆ, ಅದೂ ಮುಂದೆ ಹೋಗುತ್ತದೆ. ಹಿಂದುಳಿದ ಮರಿಗಳಿಗೆ ದಾರಿ ಹೇಳಿದವರು ಯಾರು? ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ.

ಇನ್ನೊಂದು ಸಂದೇಹ. ಹುಟ್ಟೂರಿನ ಹುಲ್ಲುಬಯಲು ಹೆಚ್ಚುಕಡಿಮೆ ಹಾಗೇ ಇದೆ. ಮತ್ತೆ 2008ರಿಂದ ಇದು ಅಳಿವಿನ ತೀರಾ ಅಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಏಕಿದೆ? ಉತ್ತರ ದಾರಿಯಲ್ಲಿದೆ. ದಣಿದ ಹಕ್ಕಿ ಇಳಿದು ಮೇಯುವುದು ಹಳದಿ ಸಮುದ್ರದ ಕೆಸರುಬಯಲಿನಲ್ಲಿ. ದಕ್ಷಿಣ ಕೊರಿಯಾ ಸೇಮಾನ್‌ಗಮ್‌ನಲ್ಲಿ 33 ಕಿ.ಮೀ. ಉದ್ದದ ಗೋಡೆ ಹಾಕಿ 2006ರಲ್ಲಿ ಅಂಥದೊಂದು ಬಯಲಿಗೆ ಕಡಲನ್ನೇ ತಪ್ಪಿಸಿತು. ಮ್ಯಾನ್ಮಾರ್, ಬಾಂಗ್ಲಾದೇಶಗಳಲ್ಲಿ ದೊಡ್ಡ ಹಕ್ಕಿಗೆಂದು ಕಟ್ಟಿದ ಬಲೆಗೆ ಇದೂ ಬಿತ್ತು. ಬಲೆ ಕಟ್ಟಿದ ಬಡವರನ್ನು ದೂರಲು ಮನಸ್ಸು ಒಪ್ಪುವುದಿಲ್ಲ. ಬೇರೆ ಜೀವನೋಪಾಯ ಸಿಕ್ಕಾಗ ಹಲವರು ಬೇಟೆ ಬಿಟ್ಟಿದ್ದಾರೆ.

ಚುಕೋಟ್ಕಾದ ಮೈನಿಪಿಲ್ಗಿನೊ ಹಳ್ಳಿಯಲ್ಲಿ 2012ರಿಂದ ಸಂರಕ್ಷಕರು ಈ ಹಕ್ಕಿಯ ಮೊಟ್ಟೆಗಳನ್ನು ತಂದು, ಕಾವು ಕೊಟ್ಟು, ಮರಿಗಳು ಹಾರುವಷ್ಟಾದ ಮೇಲೆ ಬಿಡತೊಡಗಿದರು. ಅಷ್ಟು ಜತನದಿಂದ ಸಾಕಿದ ಮರಿ ಇಳಿಯುವುದೆಲ್ಲಿ ಎಂಬುದೇ ನನ್ನ ಚಿಂತೆ.

ಹತ್ತೂಕಾಲು. ಹೊರಗೆ ಭರತ ಏರಿದೆ. ಕಡಲಂಚಿನ ಕೆಸರೆಲ್ಲ ಮುಳುಗಿ, ಹಕ್ಕಿಗಳು ಆಗರದೊಳಕ್ಕೆ ಬಂದು ಒತ್ತೊತ್ತಾಗಿ ನಿಂತಿವೆ. ಮೇಯಲು ಕೆಸರಿದ್ದರೆ ಸಾಲದು, ಭರತದ ಹೊತ್ತಿಗೆ ಕಾಲೂರಲು ಜಾಗವೂ ಬೇಕೆಂಬುದು ನನಗೆ ಹೊಳೆದದ್ದು ಈಗ. ಚೀನಾದ ತಿಯಾವ್‌ಜಿನಿ ಕೆಸರುಬಯಲು 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆಮೇಲೆ ಅಲ್ಲಿ ಮೀನುಕೆರೆಗಳಿದ್ದ ಜಾಗವನ್ನು ಭರತದ ವೇಳೆ ಹಕ್ಕಿಗಳು ನಿಲ್ಲಲೆಂದೇ ಬಿಟ್ಟುಕೊಟ್ಟಿದ್ದಾರೆ.