ರೊಕ್ಕ ಕೊಟ್ಟು ಜೈಲಿಗೆ

ಅಲ್ರೀ, ರೊಕ್ಕ ಕೊಟ್ಟು ಯಾರಾದ್ರೂ ಜೈಲಿಗೆ ಹೋಗ್ತಾರೇನು? ಹೋಗ್ತಾರ! ನಮ್ಮ ರಾಯಚೂರಿನಂತೆ ನಿಜಾಮರ ಆಳ್ವಿಕೆಯಲ್ಲಿದ್ದ ಸಂಗಾರೆಡ್ಡಿಯಲ್ಲಿ 1796ರ ಹಳೇ ಜೈಲೊಂದಿದೆ. ಈಗ ಅದು ಮ್ಯೂಸಿಯಂ. 2016ರಲ್ಲಿ ಅಲ್ಲಿ ‘ಫೀಲ್ ದ ಜೈಲ್’ ಶುರುವಾಯಿತು: 500 ರೂಪಾಯಿಗೆ 24 ಗಂಟೆ ಸೆರೆವಾಸ. ಖಾದಿ ಬಟ್ಟೆ, ಸ್ಟೀಲ್ ತಟ್ಟೆ, ಜೈಲಿನ ಊಟ. ಬಿಡುಗಡೆಗೆ ಸುರಂಗ ಕೊರೆಯಬೇಕಿಲ್ಲ, ಗಡಿಯಾರ ನೋಡ್ತಾ ಕೂತರೆ ಸಾಕು.

ರೂಮಿನಲ್ಲಿ ಇದನ್ನು ಹೇಳಿದಾಗ ಗೆಳೆಯ ಅಂದ: “ಲೇ, ನಾವು ನಾಲ್ಕು ವರ್ಷಕ್ಕ ಫೀಸ್ ಕಟ್ಟೀವಿ. ಇದು ಅಗ್ಗ ಬಿಡಲೇ!” ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆದರೆ ದೇಶದ ಜೈಲುಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅಪರಾಧ ಇನ್ನೂ ಸಾಬೀತಾಗಿಲ್ಲ. ಜಾಮೀನು ಸಿಕ್ಕರೂ ಕಟ್ಟಲು ರೊಕ್ಕವಿಲ್ಲದೆ ಒಳಗೇ ಉಳಿದವರೂ ಇದ್ದಾರೆ. ಒಳಹೋಗಲು ರೊಕ್ಕ ಕೊಟ್ಟವರು ಮರುದಿನ ಹೊರಗೆ. ಇವರು ಹೊರಗೆ ಬರೋದು ಹ್ಯಾಂಗ?