ಹೇಮಕುಂಡದ ಹಾದಿಯಲ್ಲಿ

ಹೋದ ವರ್ಷ ಜೂನ್‌ನಲ್ಲಿ ಮಗಳೊಂದಿಗೆ ಉತ್ತರಾಖಂಡದ ಘಾಂಗ್ರಿಯಾಕ್ಕೆ ಹೋಗಿದ್ದೆ. ಅಲ್ಲಿಂದ ಹೇಮಕುಂಡ ಸರೋವರಕ್ಕೆ ಆರೇ ಕಿಲೋಮೀಟರ್. ಆದರೆ ಆ ಆರರಲ್ಲೇ 1,200 ಮೀಟರಿಗೂ ಹೆಚ್ಚು ಏರಬೇಕು. ಮೇಲೆ ರಾತ್ರಿ ತಂಗುವಂತಿಲ್ಲ, ಅಂದೇ ಇಳಿಯಬೇಕು.

ಅವಳು ಎಂಜಿನಿಯರಿಂಗ್ ಬಿಟ್ಟು ಬಿ.ಎ. ಸೇರುತ್ತೇನೆಂದು ಹಟ ಹಿಡಿದಿದ್ದಳು. ‘ಹಿಡಿದದ್ದನ್ನು ಅರ್ಧಕ್ಕೆ ಬಿಡಬಾರದು’ ಎಂದು ದಾರಿಯುದ್ದಕ್ಕೂ ನನ್ನ ಉಪದೇಶ ನಡೆದೇ ಇತ್ತು, ಏದುಸಿರಿನ ನಡುವೆಯೂ!

ನಾಲ್ಕು ಕಿಲೋಮೀಟರ್ ಆಗುವಷ್ಟರಲ್ಲಿ ತಲೆ ಸಿಡಿಯತೊಡಗಿತು. ಹೊಟ್ಟೆ ತೊಳಸಿತು. ಅಷ್ಟು ಎತ್ತರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲೂ ಇರುವುದಿಲ್ಲ. ‘ಸ್ವಲ್ಪ ಕೂತು ಹತ್ತೋಣ’ ಎಂದೆ.

‘ಬೇಡಪ್ಪ. ತಲೆನೋವು, ವಾಕರಿಕೆ ಎರಡೂ ಬಂದ್ರೆ ಇಳೀಬೇಕು. ಕೆರೆ ಎಲ್ಲಿಗೂ ಹೋಗಲ್ಲ.’

ನನ್ನ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡಳು. ಸರೋವರ ಅವಳಿಗೂ ತಪ್ಪಿತು. ಒಂದು ಮಾತೂ ಆಡಲಿಲ್ಲ.

ಕೆಳಗಿನ ಚಹಾದಂಗಡಿ ತಲುಪುವಾಗ ತಲೆ ಹಗುರಾಗಿತ್ತು. ಮೇಲಿಂದ ಇಳಿದು ಬಂದವರು, ಸರೋವರದ ಅಂಚಿನಲ್ಲಿ ಇನ್ನೂ ಹಿಮವಿದೆ ಎಂದು ಹೇಳಿಕೊಂಡು ಹೋದರು. ಅವಳು ಕಿವಿಗೊಟ್ಟು ಕೇಳಿದಳು.

‘ಬಿ.ಎ.ಗೆ ಅರ್ಜಿ ಹಾಕಲು ಕೊನೆಯ ದಿನ ಯಾವತ್ತು?’ ಎಂದೆ.

ಚಹಾದ ಲೋಟ ನನ್ನತ್ತ ಸರಿಸಿ, ‘ಮೊದಲು ಇದು ಕುಡೀರಿ’ ಎಂದಳು.